ಕೆನಡಾದಲ್ಲಿ ಉಳಿದಿದ್ದ ಅರ್ಧ ಮಾತ್ರೆ

ಬಂಗಾರಪೇಟೆ

ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ನಾನು ಮೆಡಿಕಲ್ ಸ್ಟೋರ್ ಇಟ್ಟು ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ದೂರದ ಪ್ರಯಾಣವೆಂದರೆ ತಿರುಪತಿ. ಅದೂ ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ವಾಪಸ್ಸು. ಅಂಥವನು ಕೆನಡಾಕ್ಕೆ ಹೋಗಿಬಂದೆ ಎಂದರೆ ಬೀದಿಯವರು ಫೋಟೋ ತೋರಿಸು ಅನ್ನುತ್ತಾರೆ. ನಾನು ಒಂದು ಫೋಟೋವನ್ನೂ ತೆಗೆಯಲಿಲ್ಲ. ಊರು ನೋಡುವುದಕ್ಕೆ ಹೋದ ಪ್ರಯಾಣವಲ್ಲ ಅದು.

ನನ್ನ ತಂಗಿ ಮುನಿರತ್ನಳನ್ನು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಗೆ ಕೊಟ್ಟಿದ್ದೇವೆ. ಗಂಡ ತೀರಿಹೋದ ಮೇಲೆ ನಾಲ್ಕು ಸೀಮೆಹಸು ಕಟ್ಟಿಕೊಂಡು ಒಬ್ಬಳೇ ಮಗಳು ಪವಿತ್ರಳನ್ನು ನರ್ಸಿಂಗ್ ಓದಿಸಿದಳು. ಪವಿತ್ರ ಕೆ.ಜಿ.ಎಫ್.ನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ದುಡಿದು, ಆಮೇಲೆ ಕೆನಡಾದ ಪಶ್ಚಿಮ ತೀರದ ಒಂದು ಊರಿಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದಳು. ಅಲ್ಲಿ ನರ್ಸ್ ಎಂದು ಕರೆಸಿಕೊಳ್ಳಬೇಕಾದರೆ ಅವರ ಪರೀಕ್ಷೆ ಪಾಸು ಮಾಡಬೇಕು. ಆ ಪರೀಕ್ಷೆಯ ಹಿಂದಿನ ದಿನ, ಹಾಡುಹಗಲಿನಲ್ಲಿ, ತನ್ನ ಕೋಣೆಯ ಮಂಚದ ಮೇಲೆ ತೀರಿಕೊಂಡಳು. ಇಪ್ಪತ್ತೆಂಟು ವರ್ಷ.

ದೇಹ ತರಿಸಿಕೊಳ್ಳಲಾಗಲಿಲ್ಲ. ಅಲ್ಲೇ ಸಂಸ್ಕಾರ ಮಾಡಿ ಬೂದಿ ಕಳಿಸಿದರು. ಯಾವುದೋ ಮಾತ್ರೆ ತೆಗೆದುಕೊಂಡಿದ್ದಳಂತೆ, ವಿಚಾರಣೆ ನಡೆಯುತ್ತಿದೆ ಎಂದರು. ನಮ್ಮ ಕಡೆ ಮಾತ್ರೆ ತೆಗೆದುಕೊಂಡು ಸತ್ತಳು ಎಂದರೆ ಜನ ಇನ್ನೇನನ್ನೂ ಕೇಳುವುದಿಲ್ಲ. ಕೇಳದೆಯೇ ಕಥೆ ಕಟ್ಟಿದರು. ಅಲ್ಲಿ ಯಾರನ್ನೋ ಪ್ರೀತಿಸಿದ್ದಳು ಎಂದು ಒಬ್ಬರು, ಇನ್ನೂ ಕೆಟ್ಟದ್ದನ್ನು ಇನ್ನೊಬ್ಬರು. ಎಂಟು ತಿಂಗಳು ಮುನಿರತ್ನ ಮದುವೆ, ಮುಂಜಿ, ತಿಥಿ ಯಾವುದಕ್ಕೂ ಹೋಗಲಿಲ್ಲ.

ಅನುಮಾನದ ಸಾವುಗಳನ್ನು ವಿಚಾರಿಸುವುದಕ್ಕೆಂದೇ ಅಲ್ಲಿ ಕರೋನರ್ ಎಂಬ ಅಧಿಕಾರಿ ಇರುತ್ತಾರೆ. ಅವರಿಂದ ಪತ್ರ ಬಂತು: ಮನೆಯವರು ಯಾರಾದರೂ ಮಾತಾಡಿದರೆ ಒಳ್ಳೆಯದು, ಫೋನಿನಲ್ಲಾದರೂ ಆದೀತು. ಫೋನು ಬೇಡ ಎಂದಳು ತಂಗಿ.

"ನೀನೇ ಓಗ್ಬುಟ್ಟು ಬಾರಣ್ಣ. ಅವ್ಳಿದ್ದ ಜಾಗ ಕಣ್ಣಲ್ಲಿ ನೋಡ್ಕಂಡು ಬಾ. ಅವ್ಳಾಗಿ ಅವ್ಳೇ ಮಾಡ್ಕಂಡ್ಳಾ, ಇಲ್ವಾ, ಅಷ್ಟು ತಿಳ್ಕಂಡು ಬಾ. ನಂಗೆ ಇನ್ನೇನೂ ಬ್ಯಾಡ."

ಅಷ್ಟು ತಿಳಿದುಕೊಂಡು ಬರಲು ನಾನು ಹೊರಟೆ.

ವಿಮಾನ ನಿಲ್ದಾಣದ ಉಕ್ಕಿನ ಮೇಜು

ವಿಮಾನದೊಳಗಿನ ಪಾಡನ್ನು ಬರೆಯುವುದಿಲ್ಲ. ಸೀಟಿನ ಬೆಲ್ಟು ಬಿಚ್ಚಲು ಬರದೆ ಪಕ್ಕದ ಪಂಜಾಬಿ ಅಜ್ಜಿಯ ಕೈಲಿ ಬಿಚ್ಚಿಸಿಕೊಂಡೆ ಎಂದರೆ ಸಾಕು. ನಿಜವಾದ ಫಜೀತಿ ಇಳಿದ ಮೇಲೆ ಆಯಿತು.

ಕಸ್ಟಮ್ಸಿನ ಹೆಂಗಸು ನನ್ನ ಚೀಲವನ್ನು ಉಕ್ಕಿನ ಮೇಜಿನ ಮೇಲೆ ಸುರಿದಳು. ಚಟ್ನಿಪುಡಿಗೆ ಏನೂ ಅನ್ನಲಿಲ್ಲ. ನನ್ನ ಬಿಪಿ, ಶುಗರಿನ ಮಾತ್ರೆಗಳಿದ್ದ ಖಾಕಿ ಕವರುಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ಸಾಲಾಗಿ ಇಟ್ಟಳು. ನಮ್ಮ ಕಸುಬು ಗೊತ್ತಲ್ಲ, ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ, ಬೇಕಾದಷ್ಟನ್ನು ಕವರಿಗೆ ಹಾಕಿ ಕೊಡುವುದು. ಹೆಸರು, ತಾರೀಖು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ನನ್ನ ಮಾತ್ರೆಗಳನ್ನೂ ನಾನು ಹಾಗೆಯೇ ಕಟ್ಟಿಕೊಂಡಿದ್ದೆ.

"ಇದು ಏನು?" ಎಂದಳು. ಬಿಪಿ ಮಾತ್ರೆ ಎಂದೆ. "ಎಲ್ಲಿ ಬರೆದಿದೆ?" ಬರೆದಿರಲಿಲ್ಲ. "ಹಾಗಾದರೆ ನಿಮಗೆ ಹೇಗೆ ಗೊತ್ತು?" ನಾನೇ ಕತ್ತರಿಸಿದ್ದು ಎಂದೆ. ಅದು ಉತ್ತರವಲ್ಲ ಎಂದಳು.

ಕವರಿನ ಮೇಲಿನ ಚಿತ್ರಗಳು ಏನೆಂದು ಕೇಳಿದಳು. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿತ್ತು. ನಮ್ಮ ಅಂಗಡಿಗೆ ಕನ್ನಡ ಓದುವವರು ಬರುತ್ತಾರೆ, ಕೆ.ಜಿ.ಎಫ್. ಕಡೆಯಿಂದ ತಮಿಳು ಓದುವವರು, ಗಡಿಯಿಂದ ತೆಲುಗಿನವರು, ಏನೂ ಓದದವರು. ಎಲ್ಲರಿಗೂ ಆಗಲಿ ಎಂದು ನಾನು ಬರೆಯುವುದನ್ನು ಬಿಟ್ಟು ಚಿತ್ರ ಹಾಕುತ್ತೇನೆ. ಸೂರ್ಯನೆಂದರೆ ಬೆಳಿಗ್ಗೆ, ಚಂದ್ರನೆಂದರೆ ರಾತ್ರಿ. ಇಡೀ ಸೊನ್ನೆ ಹಾಕಿದರೆ ಒಂದು ಮಾತ್ರೆ, ಅರ್ಧ ಸೊನ್ನೆ ಹಾಕಿ ಒಳಗೆ ಗೀಚಿದರೆ ಅರ್ಧ. ಸೂರ್ಯನಿಗೆ ಏಳೇ ಕಿರಣ. ಯಾಕೆ ಏಳು ಎಂದು ನನಗೂ ಗೊತ್ತಿಲ್ಲ, ಕೈ ಹಾಗೆ ಕೂತುಬಿಟ್ಟಿದೆ. ಇದನ್ನೆಲ್ಲ ಹರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಚೆನ್ನಾಗಿದೆ ಎಂದು ನಕ್ಕು, ಮಾತ್ರೆಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿಕೊಂಡಳು. ಕ್ಷಮಿಸಿ ಎಂದೂ ಹೇಳಿದಳು. ಆ ದೇಶದಲ್ಲಿ ಎಲ್ಲದಕ್ಕೂ ಕ್ಷಮಿಸಿ ಅನ್ನುತ್ತಾರೆ, ಕಾಲು ತುಳಿದವನು ನಾನಾದರೂ ತುಳಿಸಿಕೊಂಡವರೇ ಅನ್ನುತ್ತಾರೆ.

ನನಗೆ ಕೋಪ ಬಂದಿತ್ತು. ಮೂವತ್ತೊಂದು ವರ್ಷದ ಅನುಭವಸ್ಥನನ್ನು ಮಾತ್ರೆ ಯಾವುದೆಂದು ಕೇಳುತ್ತಾಳಲ್ಲ ಎಂದು. ಆದರೆ ಇಲ್ಲೊಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಪವಿತ್ರಳಿಗೆ ಪರೀಕ್ಷೆ ಎಂದರೆ ಕೈಕಾಲು ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ನರ್ಸಿಂಗಿನ ಎರಡನೇ ವರ್ಷದಲ್ಲಿ ಅಂಗಡಿಗೆ ಬಂದು, ಮಾವ ಏನಾದರೂ ಕೊಡು ಎಂದಳು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ, ಗಾಬರಿ ಇಳಿಸುವ ಮಾತ್ರೆಯನ್ನು ನಾನು ಕತ್ತರಿಸಿ ಕೊಟ್ಟೆ. ಅರ್ಧ ಮುರಿದು ತಗೋ, ಅರ್ಧಕ್ಕೆ ಏನೂ ಆಗಲ್ಲ, ಸಾಲದಿದ್ದರೆ ಇನ್ನರ್ಧ ಎಂದು ಹೇಳಿಕೊಟ್ಟೆ. ಅಮ್ಮನಿಗೆ ಹೇಳಬೇಡ ಎಂದಳು. ಹೇಳಲಿಲ್ಲ. ಆಮೇಲೆ ಪ್ರತಿ ಪರೀಕ್ಷೆಗೂ ಕೊಟ್ಟೆ. ಕೆನಡಾಕ್ಕೆ ಹೊರಟಾಗಲೂ ಒಂದು ಕವರು ಕೊಟ್ಟೆ. ಈ ಮೇಜಿನ ಹತ್ತಿರ ಅವಳನ್ನು ಯಾರೂ ತಡೆದು ಕೇಳಿರಲಿಲ್ಲ.

ನೆಲಮಾಳಿಗೆಯ ಮನೆ

ನನ್ನನ್ನು ಕರೆದೊಯ್ಯಲು ಸ್ಟೆಲ್ಲಾ ಬಂದಿದ್ದಳು. ಪವಿತ್ರಳ ಜೊತೆ ಒಂದೇ ಮನೆಯಲ್ಲಿದ್ದ ಹುಡುಗಿ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನವಳು, ಅಪ್ಪ ಗಣಿಯಲ್ಲಿದ್ದವರು. ಮನೆಮಾತು ತಮಿಳು, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಬಸ್ಸಿನ ಕಿಟಕಿಯಿಂದ ಹಿಮ ಹೊದ್ದ ಬೆಟ್ಟ ತೋರಿಸಿ, "ಅಂಕಲ್, ನಮ್ಮ ಸೈನೈಡ್ ದಿಬ್ಬ ತರ ಇಲ್ಲ? ನಾನೂ ಪವೀನೂ ಅದನ್ನ ಅಂಗೇ ಕರೀತಿದ್ವಿ" ಎಂದಳು. ಗಣಿಯ ಮಣ್ಣು ಗುಡ್ಡೆ ಹಾಕಿದ ಆ ದಿಬ್ಬಗಳನ್ನು ನೋಡಿ ಬೆಳೆದವರಿಗೆ ಪ್ರಪಂಚದ ಯಾವ ಬೆಟ್ಟವೂ ಅದರಂತೆಯೇ ಕಾಣುತ್ತದೆ.

ಬಸ್ಸಿಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹಿಂದಿನ ಬಾಗಿಲಲ್ಲಿ ಇಳಿಯುವವರೂ ಕೂಗಿ ಹೇಳುತ್ತಾರೆ. ನಮ್ಮ ಬೇತಮಂಗಲದ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ಏನೋ ತಪ್ಪು ಮಾಡಿದೆ ಎಂದುಕೊಂಡಾನು. ನಾನೂ ಹೇಳಲು ಬಾಯಿ ತೆರೆದೆ, ಅವಸರದಲ್ಲಿ ಬತ್ತೀನಪ್ಪ ಎಂದು ಬಂತು. ಅವನು ಕೈ ಎತ್ತಿದ.

ಅವರಿದ್ದದ್ದು ಯಾರದೋ ಮನೆಯ ನೆಲಮಾಳಿಗೆ. ಕಿಟಕಿ ತಲೆಯ ಮೇಲಿತ್ತು, ಹೊರಗೆ ನಡೆಯುವವರ ಪಾದ ಮಾತ್ರ ಕಾಣುತ್ತಿತ್ತು. ಪವಿತ್ರಳ ಕೋಣೆಯಲ್ಲಿ ಈಗ ಬೇರೆ ಹುಡುಗಿ ಇದ್ದಾಳೆ, ನನಗಾಗಿ ಎರಡು ದಿನ ಗೆಳತಿಯ ಮನೆಗೆ ಹೋಗಿದ್ದಳು. ನಾನು ಆ ಮಂಚದ ಮೇಲೆ ಕೂತೆ. ಮಲಗಲು ಮಾತ್ರ ಆಗಲಿಲ್ಲ, ನೆಲದ ಮೇಲೆ ಹಾಸಿಕೊಂಡೆ.

ಸ್ಟೆಲ್ಲಾ ಅನ್ನ, ರಸಂ ಮಾಡಿದ್ದಳು. ಬಡಿಸಿ, ಎದುರು ಕೂತು, ನಾನು ಕೇಳದೆಯೇ ಹೇಳತೊಡಗಿದಳು.

"ಅವ್ಳು ಒಂದ್ ವಾರ ಸರಿಯಾಗಿ ಮಲ್ಗಿರ್ಲಿಲ್ಲ ಅಂಕಲ್. ಕೈ ನಡ್ಗ್ತಾ ಇತ್ತು. ಊರಿಂದ ತಂದಿದ್ದ ಮಾತ್ರೆ ಮುಗ್ದೋಗಿತ್ತು. ಇಲ್ಲಿ ಡಾಕ್ಟರ್ ಹತ್ರ ಟೈಮ್ ಸಿಗ್ಬೇಕಾದ್ರೆ ವಾರಗಟ್ಟಲೆ ಕಾಯ್ಬೇಕು. ಕೆಲಸದಲ್ಲಿ ಒಬ್ಳು ಮೂರು ಕೊಟ್ಳಂತೆ, ಪ್ಲಾಸ್ಟಿಕ್ ಕವರಲ್ಲಿ. ಅದೇ ಮಾತ್ರೆ, ಅದೇ ಬಣ್ಣ, ಮೇಲೆ ಅಚ್ಚೂ ಅದೇ. ಕೊಟ್ಟವಳಿಗೂ ಗೊತ್ತಿರ್ಲಿಲ್ಲ, ನಿಜಮಾ. ಅವ್ಳು ಫೋನಲ್ಲಿ ಯಾರ ಹತ್ರಾನೋ ತರ್ಸಿದ್ದು."

"ಪವಿತ್ರ ಏನೂ ಅನುಮಾನ ಪಡಲಿಲ್ಲವಾ?"

"ನಾನು ಕೇಳ್ದೆ ಅಂಕಲ್, ಇದು ಡಬ್ಬಿ ಇಲ್ಲ, ಪೇರು ಇಲ್ಲ, ಏನ್ ಮಾತ್ರೆ ಅಂತ. ನಮ್ಮೂರಲ್ಲಿ ಇಂಗೇ ಕೊಡೋದು ಅಂದ್ಳು."

ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಸ್ಟೆಲ್ಲಾ ನನ್ನನ್ನು ನೋಡುತ್ತಿರಲಿಲ್ಲ, ಕೋಣೆಯ ಬಾಗಿಲನ್ನು ನೋಡುತ್ತಿದ್ದಳು.

"ಮಧ್ಯಾಹ್ನ ನಾನು ಊಟಕ್ಕೆ ಬಂದೆ. ಒಳಗಿಂದ ಗೊರಕೆ ಕೇಳಿಸ್ತು. ದೊಡ್ಡ ಗೊರಕೆ, ಗಂಟಲಲ್ಲಿ ನೀರು ಇದ್ದಂಗೆ. ಅವ್ಳು ಯಾವತ್ತೂ ಗೊರಕೆ ಹೊಡ್ದವಳಲ್ಲ. ಪಾವಂ, ಇವತ್ತಾದ್ರೂ ನಿದ್ದೆ ಬಂತಲ್ಲ ಅಂತ ಬಾಗಿಲು ಮೆಲ್ಲಗೆ ಹಾಕ್ಕೊಂಡು ಡ್ಯೂಟಿಗೆ ಹೋದೆ. ಸಾಯಂಕಾಲ ಬಂದಾಗ ಸದ್ದಿರ್ಲಿಲ್ಲ." "ಅದು ನಿದ್ದೆ ಅಲ್ಲ ಅಂತ ಆಮೇಲೆ ಹೇಳಿದ್ರು. ಉಸಿರು ನಿಲ್ಲೋಕೆ ಮುಂಚೆ ಅಂಗೇ ಬರುತ್ತಂತೆ. ನಾನು ಬಾಗಿಲು ಹಾಕ್ದೆ ಅಂಕಲ್" ಎಂದಳು.

ನಿನ್ನ ತಪ್ಪಲ್ಲ ಮಗಳೇ ಎಂದೆ. ಅದು ಯಾರ ತಪ್ಪು ಎಂದು ಅವಳಿಗೆ ಹೇಳುವ ಧೈರ್ಯ ಆ ಹೊತ್ತಿಗೆ ನನಗೆ ಬರಲಿಲ್ಲ.

ಔಷಧದ ಅಂಗಡಿ

ಮಾತ್ರೆಯಿಲ್ಲದೆ ಎರಡನೆಯ ದಿನ ನನಗೆ ತಲೆ ಸುತ್ತತೊಡಗಿತು. ಸ್ಟೆಲ್ಲಾ ಔಷಧದ ಅಂಗಡಿಗೆ ಕರೆದುಕೊಂಡು ಹೋದಳು. ನಮ್ಮ ಕಸುಬಿನವನೇ ಎಂದು ನಾನು ಹುರುಪಿನಿಂದ ಹೋದರೆ, ಬಿಳಿ ಕೋಟಿನ ಯುವಕ ಚೀಟಿ ಇಲ್ಲದೆ ಒಂದು ಮಾತ್ರೆಯನ್ನೂ ಕೊಡಲೊಲ್ಲ. ಕೊನೆಗೆ ಊರಿನಲ್ಲಿ ಮಲಗಿದ್ದ ಹೆಂಡತಿಯನ್ನು ಫೋನು ಮಾಡಿ ಎಬ್ಬಿಸಿ ನಾನು ಹಳೆಯ ಚೀಟಿಯ ಫೋಟೋ ತರಿಸಿಕೊಂಡ ಮೇಲೆ, ಅವನು ಬಿಪಿ ನೋಡಿ, ಹತ್ತು ಪ್ರಶ್ನೆ ಕೇಳಿ, ಒಂದು ವಾರದ್ದು ಕೊಟ್ಟ. ಅಲ್ಲಿ ಸ್ಟ್ರಿಪ್ಪು ಕಡಿಮೆ. ದೊಡ್ಡ ಡಬ್ಬಿಯಿಂದ ಬಿಡಿ ಮಾತ್ರೆಗಳನ್ನು ತಟ್ಟೆಗೆ ಸುರಿದು, ಚಪ್ಪಟೆ ಚಾಕುವಿನಿಂದ ಐದೈದಾಗಿ ಎಣಿಸಿ, ಸಣ್ಣ ಡಬ್ಬಿಗೆ ತುಂಬಿ, ನನ್ನ ಹೆಸರು, ಮಾತ್ರೆಯ ಹೆಸರು, ತಾರೀಖು ಅಂಟಿಸಿದ. ನನ್ನ ಹೆಸರಿನ ಡಬ್ಬಿಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು.

ಪವಿತ್ರಳ ವಿಷಯ ಸ್ಟೆಲ್ಲಾ ಅವನಿಗೆ ಹೇಳಿರಬೇಕು. ಅವನು ಒಂದು ಫೋಟೋ ತೆಗೆದು ಗಾಜಿನ ಮೇಲಿಟ್ಟ. ಎರಡು ಗಾಬರಿ ಮಾತ್ರೆಗಳು, ಪಕ್ಕಪಕ್ಕ. ಒಂದು ಕಾರ್ಖಾನೆಯದು, ಒಂದು ಯಾರದೋ ಗ್ಯಾರೇಜಿನಲ್ಲಿ ಅಚ್ಚೊತ್ತಿದ್ದು. ಯಾವುದು ಅಸಲಿ ಎಂದು ಕೇಳಿದ. ಕನ್ನಡಕ ಹಾಕಿಕೊಂಡೆ. ಅಂಚು ನೋಡಿದೆ, ಗೀರು ನೋಡಿದೆ, ಬಣ್ಣ ನೋಡಿದೆ. ಬೆರಳಿಟ್ಟು ತೋರಿಸಿದೆ. ನಾನು ತೋರಿಸಿದ್ದು ನಕಲಿ.

ಅವನು ನಗಲಿಲ್ಲ. ನಾನೂ ಕಣ್ಣಿನಿಂದ ಹೇಳಲಾರೆ, ಯಾರೂ ಹೇಳಲಾರರು ಎಂದ. ಅದರೊಳಗೆ ಗಾಬರಿಯ ಔಷಧಿ ಇರಬಹುದು, ಇರದೆಯೂ ಇರಬಹುದು, ಫೆಂಟನಿಲ್ ಇರುತ್ತದೆ. ಆ ಹೆಸರು ನನಗೆ ಗೊತ್ತು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಯ ಡಾಕ್ಟರು ಉಸಿರಾಟದ ಮೇಲೆ ಕಣ್ಣಿಟ್ಟು ಕೊಡುವ ಔಷಧಿ, ಉಪ್ಪಿನ ನಾಲ್ಕು ಕಾಳಿನಷ್ಟು ಹೆಚ್ಚಾದರೂ ಉಸಿರು ನಿಲ್ಲಿಸುವಂಥದ್ದು. ಅಗ್ಗವಾಗಿ ಸಿಗುತ್ತದೆಂದು ಅದನ್ನು ಬೆರೆಸುತ್ತಾರೆ. ಅದರ ವಿಷ ಇಳಿಸಲು ಮೂಗಿಗೆ ಬಿಡುವ ಒಂದು ಔಷಧಿಯ ಪೆಟ್ಟಿಗೆಯನ್ನು ಅವನು ಸ್ಟೆಲ್ಲಾಳಿಗೆ ಕೊಟ್ಟ. ಅವಳು ತನ್ನ ಚೀಲ ತೆರೆದು ತೋರಿಸಿದಳು, ಆಗಲೇ ಒಂದಿತ್ತು. ಎಂಟು ತಿಂಗಳಿಂದ ಅದಿಲ್ಲದೆ ಅವಳು ಎಲ್ಲೂ ಹೋಗುವುದಿಲ್ಲ. ಇಂಥ ಗೊರಕೆ ಕೇಳಿದರೆ ಎಬ್ಬಿಸಬೇಕು, ಏಳದಿದ್ದರೆ ಆಂಬುಲೆನ್ಸ್ ಕರೆದು, ಇದನ್ನು ಮೂಗಿಗೆ ಬಿಟ್ಟು, ಅವರು ಬರುವ ತನಕ ಪಕ್ಕದಲ್ಲೇ ಇರಬೇಕು ಎಂದು ಅವನು ನನಗೂ ಹೇಳಿದ. ಓದುವವರಲ್ಲಿ ಯಾರ ಮಕ್ಕಳಾದರೂ ಹೊರದೇಶದಲ್ಲಿದ್ದರೆ ಇದನ್ನು ಅವರಿಗೆ ಹೇಳಿ. ಗೆಳೆಯರು ಕೊಟ್ಟದ್ದಾದರೂ, ನೋಡಿದ ಮಾತ್ರೆಯ ಹಾಗೇ ಇದ್ದರೂ, ನುಂಗಬೇಡಿ ಎಂದು ಹೇಳಿ.

ಅಧಿಕಾರಿಯ ಕಛೇರಿ

ಕರೋನರ್ ನನ್ನ ವಯಸ್ಸಿನ ಹೆಂಗಸು. ನೀರು ಕೊಟ್ಟು, ಕಿಟಕಿಯ ಪಕ್ಕ ಕೂಡಿಸಿ, ನಿಧಾನವಾಗಿ ಮಾತಾಡಿದರು. ಪವಿತ್ರಳ ರಕ್ತದಲ್ಲಿ ಫೆಂಟನಿಲ್ ಇತ್ತು. ಸಾವಿಗೆ ಅದೇ ಕಾರಣ. ಆದರೆ ಅವಳು ತಿಳಿದು ತೆಗೆದುಕೊಂಡಳೇ, ತಿಳಿಯದೆಯೇ ಎಂಬ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ ಎಂದರು. ಸಾಯುವ ಹಿಂದಿನ ವಾರ ಅವಳು ತುಂಬ ನೊಂದಿದ್ದಳು ಎಂದು ಕೆಲಸದ ಕಡೆಯವರು ಹೇಳಿದ್ದರಂತೆ. ಮೂರರಲ್ಲಿ ಎರಡು ಮಾತ್ರೆ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ಇನ್ನೊಂದು ವಸ್ತು ಸಿಕ್ಕಿತ್ತು, ಅದು ಏನೆಂದು ಯಾರಿಗೂ ಹೇಳಲಾಗಲಿಲ್ಲ.

ಅವರು ಒಂದು ಫೋಟೋ ಮುಂದಿಟ್ಟರು. ಪರೀಕ್ಷೆಯ ಪ್ರವೇಶಪತ್ರದ ಜೊತೆ, ಪೆನ್ಸಿಲ್ ಚೀಲದಲ್ಲಿ ಸಿಕ್ಕ ಮಡಿಸಿದ ಕಾಗದ. ಒಳಗೆ ಅರ್ಧ ಮಾತ್ರೆ ಇತ್ತಂತೆ. ಕಾಗದದ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ. ಏಳು ಕಿರಣ. ಪಕ್ಕದಲ್ಲಿ ಅರ್ಧ ಸೊನ್ನೆ, ಒಳಗೆ ಗೀಚಿದ್ದು.

ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡೆ. ಸೂರ್ಯನ ಮೇಲೆ ಬೆರಳಿಟ್ಟು ಹೇಳಿದೆ: ಬೆಳಿಗ್ಗೆ ಅರ್ಧ ಎಂದು. ನಾಳೆ ಪರೀಕ್ಷೆಗೆ ಹೋಗುವ ಮುಂಚೆ ತೆಗೆದುಕೊಳ್ಳಬೇಕಾದ ಅರ್ಧ. ಇವತ್ತು ಅರ್ಧ ತೆಗೆದುಕೊಂಡು, ಉಳಿದದ್ದನ್ನು ನಾಳೆಗೆ ಕಟ್ಟಿಟ್ಟಿದ್ದಾಳೆ.

"ನಿಮಗೆ ಹೇಗೆ ಗೊತ್ತು?" ಎಂದರು. ವಿಮಾನ ನಿಲ್ದಾಣದಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಈ ಸಲ ಉತ್ತರ ಕೊಟ್ಟೆ. ಇದು ನನ್ನ ಅಂಗಡಿಯ ಗುರುತು, ನಾನೇ ಅವಳಿಗೆ ಕಲಿಸಿದ್ದು. ಅರ್ಧ ಮುರಿಯುವುದನ್ನು ಕಲಿಸಿದ್ದೂ ನಾನೇ. ಇನ್ನೂ ಒಂದಿತ್ತು, ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲ. ಸಾಯುವ ಹತ್ತು ದಿನ ಮುಂಚೆ ಅವಳು ಫೋನು ಮಾಡಿ, ಮಾವ ಮಾತ್ರೆ ಮುಗೀತು ಎಂದಿದ್ದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಲ್ಲೇ ಯಾರನ್ನಾದರೂ ಕೇಳಮ್ಮ, ಎಲ್ಲಾ ಕಡೆ ಸಿಗುತ್ತೆ ಎಂದು ಹೇಳಿ ಫೋನು ಇಟ್ಟಿದ್ದೆ.

ಅವರು ಎಲ್ಲವನ್ನೂ ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅರ್ಧಕ್ಕೇ ಹೇಗೆ ಸತ್ತಳು ಎಂದು ಕೇಳಿದೆ. ಕಾರ್ಖಾನೆಯಲ್ಲಿ ಔಷಧಿಯನ್ನು ಮಾತ್ರೆಯ ತುಂಬ ಸಮವಾಗಿ ಬೆರೆಸುತ್ತಾರೆ, ಇವರು ಕೈಗೆ ಬಂದಂತೆ ಕಲೆಸುತ್ತಾರೆ ಎಂದು, ಚಾಕಲೇಟ್ ಚೂರುಗಳೆಲ್ಲ ಒಂದೇ ಕಡೆ ಸೇರಿಕೊಂಡ ಬಿಸ್ಕತ್ತಿನ ಉದಾಹರಣೆ ಕೊಟ್ಟರು. ನನಗೆ ಸರಿಯಾಗಿ ತೊಳಸದ ಮುದ್ದೆ ನೆನಪಾಯಿತು. ಒಂದು ತುತ್ತಿನಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಹಿಟ್ಟಿನ ಗಂಟು. ಉಳಿದಿದ್ದ ಅರ್ಧವನ್ನು ಪರೀಕ್ಷೆ ಮಾಡಿಸಿದ್ದರು. ಅದರಲ್ಲಿ ವಿಷ ಇತ್ತು ಎನ್ನುವಷ್ಟೂ ಇರಲಿಲ್ಲವಂತೆ. ಅವಳು ವಿಷವಿದ್ದ ಆ ಅರ್ಧವನ್ನು ಬಾಯಿಗೆ ಹಾಕಿಕೊಂಡು ಈ ಅರ್ಧವನ್ನು ಕಟ್ಟಿಟ್ಟಿದ್ದಳು. ನಾನು ಅಲ್ಲಿ, ಆ ಪರದೇಶದ ಹೆಂಗಸಿನ ಎದುರು, ಸಣ್ಣ ಮಕ್ಕಳ ಹಾಗೆ ಅತ್ತೆ.

ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವರು ನನ್ನ ಎದುರಿಗೇ ಆಕಸ್ಮಿಕ ಎಂದು ಬರೆದರು.

ಮುನಿರತ್ನಳ ಮನೆ

ಬೆಂಗಳೂರಿನಲ್ಲಿ ಇಳಿದವನು ರೈಲಿನಲ್ಲಿ ಬಂಗಾರಪೇಟೆಗೆ ಬಂದೆ. ಮನೆಗೆ ಹೋಗದೆ ಕ್ಯಾಸಂಬಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅಧಿಕಾರಿ ಬರೆದ ಕಾಗದ ಕೊಟ್ಟು, ಪವಿತ್ರಳ ತಪ್ಪಿಲ್ಲ ಎಂದು ಹೇಳಿ ಸುಮ್ಮನಾಗಬಹುದಿತ್ತು. ತಂಗಿ ಕೇಳಿದ್ದೂ ಅಷ್ಟೇ.

ಮಧ್ಯಾಹ್ನದ ಹೊತ್ತು. ತಂಗಿ ಹಸುಗಳಿಗೆ ನೀರು ಕುಡಿಸಿ ಜಗಲಿಯ ಮೇಲೆ ಕೂತಿದ್ದಳು. ಕಾಲು ತೊಳೆಯಲು ನೀರು ಕೊಟ್ಟಳು.

"ಅವಳಾಗಿ ಮಾಡ್ಕಂಡಿದ್ದಲ್ಲ ರತ್ನ" ಎಂದೆ.

ಅವಳು ಕಣ್ಣು ಮುಚ್ಚಿದಳು. "ಅಂಗಂತ ಬರ್ದವ್ರಾ?" ಎಂದಳು. ಕಾಗದ ಕೊಟ್ಟೆ. ಇಂಗ್ಲಿಷ್ ಬಾರದಿದ್ದರೂ ಅದರ ಮೇಲೆ ಕೈಯಾಡಿಸಿದಳು. ನಾನು ಉಳಿದಿದ್ದ ಅರ್ಧದ ವಿಷಯ ಹೇಳಿದೆ, ಪರೀಕ್ಷೆಗೆಂದು ಕಟ್ಟಿಟ್ಟಿದ್ದನ್ನು ಹೇಳಿದೆ.

"ನಾಳಿಕ್ಕೆ ಎತ್ತಿಟ್ಟಿದ್ಳಾ ನನ್ ಮಗ್ಳು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, "ಅರ್ದ ಮುರ್ದು ತಗಳಾದು ಅವ್ಳಿಗೆ ಯಾರಣ್ಣ ಯೋಳ್ಕೊಟ್ಟಿದ್ದು?" ಎಂದಳು.

"ನಾನೇ."

ಎಲ್ಲವನ್ನೂ ಹೇಳಿದೆ. ಎರಡನೇ ವರ್ಷದ ಪರೀಕ್ಷೆಯಿಂದ ಹಿಡಿದು ಆ ಫೋನಿನವರೆಗೆ. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

"ಪರೀಕ್ಸೆ ಅಂದ್ರೆ ಅಷ್ಟು ಬಯ ಬೀಳ್ತಿದ್ಳು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಒಂದ್ ಮಾತು ಯೋಳ್ಬಾರ್ದಾಗಿತ್ತಾ?"

"ಹೇಳಬೇಡ ಅಂದಳು."

"ಅವ್ಳು ಮಗು ಕಣಣ್ಣ. ನೀನು?"

ಅವಳು ಎದ್ದು ಒಳಗೆ ಹೋದಳು. ಒಲೆಯ ಸದ್ದು ಕೇಳಿಸಿತು. ತಟ್ಟೆಯಲ್ಲಿ ಬಿಸಿ ಅನ್ನ, ಹುರುಳಿಕಾಳಿನ ಸಾರು ತಂದು ನನ್ನ ಮುಂದಿಟ್ಟಳು. ಪಕ್ಕದಲ್ಲಿ ಚೊಂಬಿನಲ್ಲಿ ನೀರಿಟ್ಟಳು.

"ದೂರದಿಂದ ಬಂದಿದ್ಯ, ಊಟ ಮಾಡು. ನಂಗೋಸ್ಕರ ಓಗಿ ನಿಜ ತಂದೆ, ಅದ್ನ ನಾನು ಸಾಯೋ ತಂಕ ಮರೆಯಾಕಿಲ್ಲ. ಊಟ ಮಾಡ್ಬುಟ್ಟು ಓಗು. ಆಮ್ಯಾಕೆ ನಾನು ಕರೆಯೋ ತಂಕ ಈ ಮನೆಗೆ ಬರ್ಬ್ಯಾಡ."

ನಾನು ಪೂರ್ತಿ ಊಟ ಮಾಡಿದೆ. ತಟ್ಟೆ ತೊಳೆದಿಟ್ಟು, ಬರುತ್ತೇನೆ ಎನ್ನಲಾಗದೆ, ಬಸ್ಸಿಗೆ ನಡೆದೆ.

ಇದಾಗಿ ಐದು ತಿಂಗಳು. ಚೀಟಿ ಇಲ್ಲದೆ, ಹೆಸರಿನ ತುದಿ ಇಲ್ಲದೆ ನಾನು ಮಾತ್ರೆ ಕೊಡುವುದಿಲ್ಲವೆಂದು ಅರ್ಧ ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಾರೆ. ಕ್ಯಾಸಂಬಳ್ಳಿ ಕಡೆಯಿಂದ ಬರುವವರನ್ನು ತಂಗಿಯ ಬಗ್ಗೆ ಕೇಳುತ್ತೇನೆ. ಎಲ್ಲರ ಮನೆಗೂ ಹೋಗಿಬರುತ್ತಾಳಂತೆ, ಯಾರಾದರೂ ಪವಿತ್ರಳ ಮಾತೆತ್ತಿದರೆ ಕೂತು ನಡೆದದ್ದನ್ನು ಪೂರ್ತಿ ಹೇಳುತ್ತಾಳಂತೆ. ನನ್ನ ಹೆಸರನ್ನು ಮಾತ್ರ ಎಲ್ಲೂ ಹೇಳಿಲ್ಲ. ನನ್ನನ್ನು ಇನ್ನೂ ಕರೆದಿಲ್ಲ.